ಬೆಲುಂ ಗವಿಯಲ್ಲಿ ಒಂದು ಹಗಲು

ಬೆಲುಂ ಗವಿಯನ್ನು ನೋಡಬೇಕೆಂದು ನಾನು ಬಳ್ಳಾರಿಯಿಂದ ಹೊರಟವನಲ್ಲ. ಹೊರಟದ್ದು ಅಡಿಗೆಮನೆಯ ಕಟ್ಟೆಗೆ ಕಲ್ಲು ತರಲೆಂದು. ನಲವತ್ತು ದಾಟಿದ ಮೇಲೆ ಮನೆ ಕಟ್ಟಲು ಕೈಹಾಕಿದ ಕಾಲೇಜು ಅಧ್ಯಾಪಕನ ಚಿಂತೆಗಳು ಎಂಥವೆಂಬುದನ್ನು ಆ ಹಾದಿಯಲ್ಲಿ ನಡೆದವರೇ ಬಲ್ಲರು; ಅವನ ಕನಸಿನಲ್ಲಿ ಪಂಪ ರನ್ನರು ಸುಳಿಯುವುದು ನಿಂತು ಮರಳು, ಜಲ್ಲಿ, ಸಿಮೆಂಟಿನ ಚೀಲಗಳು ಬರತೊಡಗುತ್ತವೆ. ಕಡಪ ಕಲ್ಲನ್ನು ತಾಡಿಪತ್ರಿಗೇ ಹೋಗಿ ಆರಿಸಿದರೆ ಅಗ್ಗವೂ ಹೌದು, ಒಳ್ಳೆಯದೂ ಹೌದು ಎಂದು ಹೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಅವನು ಬಳ್ಳಾರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವನು. ಹುಟ್ಟಿದ ಊರು ತಾಡಿಪತ್ರಿ. ಅವನ ತಂದೆ ಅಲ್ಲಿನ ಕಲ್ಲು ಕೊಯ್ಯುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. "ನಮ್ಮ ನಾಯನ ಬೆರಳಿನಿಂದ ತಟ್ಟಿ ಇದು ಆಗಬಹುದು ಎಂದರೆ ಸಾಕು ಸಾರ್, ಆ ಕಲ್ಲು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಿರಿಯುವುದಿಲ್ಲ" ಎಂದು ಅವನು ಭರವಸೆಯಿತ್ತ ಮೇಲೆ ಎರಡು ದಿನದ ರಜೆ ಸಾಧಿಸಿಕೊಂಡು ಹೊರಟೆವು.

ಗುಂತಕಲ್ಲು ದಾಟಿ ಗುತ್ತಿಯ ಕೋಟೆಯನ್ನು ದೂರದಿಂದಲೇ ನೋಡಿಕೊಂಡು ಸಾಗುವ ಈ ದಾರಿ ನಮ್ಮ ಕಡೆಯವರಿಗೆ ಪರದೇಶವೆನಿಸುವುದಿಲ್ಲ. 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಬಳ್ಳಾರಿಯೂ ಇದ್ದಿತು, ಈ ಸೀಮೆಯೂ ಇದ್ದಿತು. ಥಾಮಸ್ ಮನ್ರೋ ಎರಡಕ್ಕೂ ಒಬ್ಬನೇ ಕಲೆಕ್ಟರನಾಗಿದ್ದನು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ನಾವು ಮೈಸೂರಿನತ್ತ ಬಂದೆವು, ಅವರು ಅತ್ತ ಉಳಿದರು. ಎರೆನೆಲ, ಜೋಳ, ಬಿಸಿಲು, ಊಟದ ಖಾರ ಇವುಗಳಿಗೆ ಮಾತ್ರ ಆ ಗೆರೆ ಎಲ್ಲಿದೆಯೆಂಬುದು ಇಂದಿಗೂ ತಿಳಿದಂತಿಲ್ಲ.

ತಾಡಿಪತ್ರಿ ಸಮೀಪಿಸಿದಂತೆಲ್ಲ ರಸ್ತೆಯ ಎರಡು ಬದಿಯೂ ಬೆಳ್ಳಗಾಗತೊಡಗಿತು. ಕಲ್ಲು ಕೊಯ್ದ ರಾಡಿ ಒಣಗಿ ದಿಬ್ಬದಿಬ್ಬವಾಗಿ ಬಿದ್ದಿದ್ದಿತು. ಜಾಲಿಯ ಮರಗಳು ಕೂಡ ಬೂದಿ ಬಳಿದುಕೊಂಡ ಬೈರಾಗಿಗಳಂತೆ ನಿಂತಿದ್ದುವು. ಈ ಕಲ್ಲಿಗೆ ಅಲ್ಲಿನವರು ನಾಪರಾಯಿ ಎನ್ನುತ್ತಾರೆ. ನಮ್ಮ ಕಡೆ ಅದೇ ಕಡಪ ಕಲ್ಲು. ಅಡಿಗೆಮನೆಯ ಕಟ್ಟೆ, ಗೂಡಿನ ಹಲಗೆ, ಬಚ್ಚಲಿನ ನೆಲ, ಹೋಟೆಲಿನ ಮೇಜು ಎಲ್ಲಕ್ಕೂ ಅದೇ. ನಾನು ಬಾಲ್ಯದಲ್ಲಿ ಬರೆದು ಅಳಿಸಿ ಅಕ್ಷರ ಕಲಿತದ್ದು ನಮ್ಮ ಅಜ್ಜಿಯ ಮನೆಯ ಕಡಪ ಕಲ್ಲಿನ ನೆಲದ ಮೇಲೆ. ಅದು ಸುಣ್ಣಕಲ್ಲಿನ ಒಂದು ಜಾತಿ ಎಂಬುದು ನನಗೆ ತಿಳಿದದ್ದು ಈ ಪ್ರವಾಸದಲ್ಲಿ. ನಲವತ್ತು ವರ್ಷ ಕಾಲಕೆಳಗಿದ್ದ ವಸ್ತುವಿನ ಕುಲಗೋತ್ರ ತಿಳಿಯದವನು ಹಳಗನ್ನಡ ಪದಗಳ ನಿಷ್ಪತ್ತಿಯನ್ನು ತರಗತಿಯಲ್ಲಿ ಬಿಡಿಸುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ವಿದ್ಯಾರ್ಥಿಯ ತಂದೆ ಅಂಗಳದಲ್ಲಿ ನಮಗಾಗಿ ಕಾದಿದ್ದರು. ಸಣಕಲು ಶರೀರ, ಹೆಗಲಮೇಲೆ ಟವೆಲು. ನಾಲ್ಕು ಮಾತಿಗೊಮ್ಮೆ ಸಣ್ಣ ಕೆಮ್ಮು. ಕೆಲಸ ಬಿಟ್ಟು ಎರಡು ವರ್ಷವಾಯಿತಂತೆ. ಬಿಡಿಸಿದ್ದು ಆ ಕೆಮ್ಮೇ. ಗರಗಸದ ಚಕ್ರ ಕಲ್ಲನ್ನು ಹೊಕ್ಕಾಗ ಅದರ ಮೇಲೆ ನೀರು ಸುರಿಯಬೇಕು, ಇಲ್ಲವಾದರೆ ಧೂಳು ಏಳುತ್ತದೆ; ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ನೀರಿಗೆ ಅಷ್ಟು ಧಾರಾಳವಿರಲಿಲ್ಲ. ಇದನ್ನವರು ದೂರಾಗಿ ಹೇಳಲಿಲ್ಲ, ಮಳೆ ಬಾರದ ವರ್ಷದ ಮಾತು ಹೇಳುವಂತೆ ಹೇಳಿದರು. ಕಲ್ಲಿನ ಅಂಗಳಕ್ಕೆ ಹೋದೊಡನೆ ಬೇರೆಯೇ ಮನುಷ್ಯರಾದರು. ನಿಲ್ಲಿಸಿದ ಹಲಗೆಗಳ ನಡುವೆ ನಡೆಯುತ್ತ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಇದು ಬೇಡ, ಇದು ಆಗಬಹುದು ಎಂದು ಅರ್ಧ ಗಂಟೆಯೊಳಗೆ ನನ್ನ ಮನೆಗೆ ಬೇಕಾದಷ್ಟನ್ನೂ ಬೇರ್ಪಡಿಸಿಬಿಟ್ಟರು. ಬೆಲುಂ ಗವಿ ಇಲ್ಲಿಗೆ ಎಷ್ಟು ದೂರ ಎಂದು ನಾನು ಮಾತಿಗೆ ಕೇಳಿದೆ. ಮೂವತ್ತು ಕಿಲೋಮೀಟರು ಎಂದರು. ನೋಡಲು ಹೇಗಿದೆ ಎಂದರೆ, "ನಾನು ನೋಡಿಲ್ಲ" ಎಂದರು. ಬೆಳಿಗ್ಗೆ ಮೂವರೂ ಹೋಗುವುದೆಂದು ಅಲ್ಲಿಯೇ ನಿಶ್ಚಯವಾಯಿತು.

ಸಂಜೆ ಪೆನ್ನಾ ನದಿಯ ದಡದ ಬುಗ್ಗ ರಾಮಲಿಂಗೇಶ್ವರನ ಗುಡಿಗೆ ಹೋಗಿ ಬಂದೆವು. ಬುಗ್ಗ ಎಂದರೆ ನಮ್ಮ ಬುಗ್ಗೆಯೇ. ಲಿಂಗದ ಬುಡದಲ್ಲಿ ಚಿಲುಮೆ ಜಿನುಗುತ್ತಿರುತ್ತದೆ. ಪೆಮ್ಮಸಾನಿ ನಾಯಕರು ವಿಜಯನಗರದ ಕಾಲದಲ್ಲಿ ಕಟ್ಟಿಸಿದ ಈ ಗುಡಿಯ ಗೋಪುರಗಳು ಮುಗಿಯದೆ ನಿಂತಿವೆ. ಮೇಲಿನ ಅಂತಸ್ತುಗಳು ಏಳಲೇ ಇಲ್ಲವಾಗಿ, ಕಣ್ಣಿನ ಎತ್ತರದ ಕೆತ್ತನೆಯನ್ನೇ ನೋಡುತ್ತ ನಿಲ್ಲುವ ಭಾಗ್ಯ ನಮ್ಮದು. ಊರೊಳಗಿನ ಚಿಂತಲ ವೆಂಕಟರಮಣನ ಗುಡಿಯಲ್ಲಿ ಗರುಡನಿಗೆ ಕಲ್ಲಿನ ತೇರೊಂದಿದೆ. ಹಂಪೆಯ ತೇರನ್ನು ಕಂಡ ಕಣ್ಣಿಗೆ ಅದು ಪರಿಚಿತರ ಮನೆಯ ಮಗುವಿನಂತೆ ಕಂಡಿತು. ಅದರ ವಿಷಯ ಇನ್ನೊಮ್ಮೆ ಬರೆಯಬೇಕು.

ಗುಹೆಯೆಂದೊಡನೆ ನಮ್ಮ ಮನಸ್ಸು ಬೆಟ್ಟವನ್ನು ನಿರೀಕ್ಷಿಸುತ್ತದೆ. ಬೆಲುಮಿನಲ್ಲಿ ಗವಿಯ ಬಾಯಿ ಬೆಟ್ಟದಲ್ಲಿಲ್ಲ. ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲದ ಬಳಿ (2022ರವರೆಗೆ ಅದು ಕರ್ನೂಲು ಜಿಲ್ಲೆಗೆ ಸೇರಿದ್ದಿತು) ಸಪಾಟಾದ ಬಯಲಿನ ನಡುವೆ ಬಾವಿಗಳಂಥ ಮೂರು ಕುಳಿಗಳಿವೆ, ನಡುವಿನದೇ ಬಾಗಿಲು. ದೂರದಲ್ಲಿ ಬುದ್ಧನ ದೊಡ್ಡದೊಂದು ಬಿಳಿಯ ವಿಗ್ರಹ ಕುಳಿತಿರದಿದ್ದರೆ ಇಲ್ಲೊಂದು ವಿಶೇಷವಿದೆಯೆಂದು ದಾರಿಹೋಕನಿಗೆ ತಿಳಿಯುವಂತೆಯೇ ಇಲ್ಲ. ಹಿಂದೆ ಬೌದ್ಧ, ಜೈನ ಸಂನ್ಯಾಸಿಗಳು ಒಳಗೆ ವಾಸವಾಗಿದ್ದರೆಂದು ಹೇಳುತ್ತಾರೆ. ಬಿಲಂ ಎಂಬ ಸಂಸ್ಕೃತ ಶಬ್ದವೇ ಜನರ ಬಾಯಲ್ಲಿ ಬೆಲುಂ ಆಯಿತೆನ್ನುತ್ತಾರೆ. ಕನ್ನಡಿಗನು ಬಿಲವೆಂದು ಓದಿಕೊಂಡರೆ ಸಾಕು.

ಆ ಕುಳಿಯ ಅಂಚಿನಲ್ಲಿ ನಿಂತಾಗ ನನಗೆ ನೆನಪಾದದ್ದು ಹರಿಹರನ ಪ್ರಭುದೇವರ ರಗಳೆ. ಕಾಮಲತೆಯನ್ನು ಕಳೆದುಕೊಂಡು ಮರುಳನಂತೆ ಅಲೆದ ಅಲ್ಲಮನು ತೋಟವೊಂದರಲ್ಲಿ ಸುಮ್ಮನೆ ಕುಳಿತು ಕಾಲುಗುರಿನಿಂದ ನೆಲ ಕೆದರುತ್ತಾನೆ. ಮಣ್ಣಿನೊಳಗೆ ಹೊನ್ನಿನ ಕಳಸ ತಲೆದೋರುತ್ತದೆ. ಅಗೆಸಿ ನೋಡಿದರೆ ಹೂತುಹೋದ ದೇಗುಲ, ಬಾಗಿಲು, ಒಳಗೆ ಅಂಗೈಯಲ್ಲಿ ಲಿಂಗವಿಟ್ಟು ಎವೆಯಿಕ್ಕದೆ ಕುಳಿತ ಅನಿಮಿಷಯ್ಯ. ಅಲ್ಲಮನ ವಚನಗಳ ಅಂಕಿತವಾದ ಗುಹೇಶ್ವರ ಶಬ್ದವನ್ನು ಹೃದಯಗುಹೆ, ಬ್ರಹ್ಮರಂಧ್ರ ಎಂದು ಎಷ್ಟು ವರ್ಷ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಆ ಅರ್ಥಗಳು ತಪ್ಪೆಂದು ಈಗಲೂ ಹೇಳಲಾರೆ. ಆದರೆ ಬಯಲು ಬಿಸಿಲಿನಲ್ಲಿ ಮೆಟ್ಟಿಲಿಳಿದು ಹತ್ತು ಹೆಜ್ಜೆಗೆ ಕಣ್ಣು ಕುರುಡಾಗಿ, ಇಪ್ಪತ್ತು ಹೆಜ್ಜೆಗೆ ಮೈಯೆಲ್ಲ ಬೆವೆತಾಗ, ಆ ಹೆಸರಿಟ್ಟುಕೊಂಡವನು ನಿಜವಾದ ಗವಿಯೊಂದನ್ನು ಹೊಕ್ಕಿದ್ದಿರಬೇಕೆಂಬ ಸಂಶಯ ನನ್ನಲ್ಲಿ ಮೊಳೆಯಿತು. ಪಂಡಿತರು ಕ್ಷಮಿಸಬೇಕು.

ಹೊರಗಿನವರಿಗೆ ಈ ಗವಿಯ ಸುದ್ದಿ ಮುಟ್ಟಿಸಿದವನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ, ವರ್ಷ 1884. ಈತನು ನಮಗೂ ಬೇಕಾದವನು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಕೊಡಲಿಯನ್ನು ಗುರುತಿಸಿ ಭಾರತದ ಪ್ರಾಕ್ತನ ಇತಿಹಾಸಕ್ಕೆ ಅಡಿಗಲ್ಲಿಟ್ಟವನು, ಬಳ್ಳಾರಿ ಜಿಲ್ಲೆಯ ಬೆಟ್ಟಗುಡ್ಡಗಳನ್ನೆಲ್ಲ ನಡೆದು 1895ರಲ್ಲಿ ಆ ಜಿಲ್ಲೆಯ ಭೂವಿಜ್ಞಾನವನ್ನು ಕುರಿತು ಗ್ರಂಥ ಹೊರತಂದವನು, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಆರಂಭವಾದಾಗ ಅದರ ಮೊದಲ ಮುಖ್ಯಸ್ಥನಾದವನು ಇವನೇ. ಅವನ ಬಳಿಕ ಸುಮಾರು ನೂರು ವರ್ಷ ಗವಿಯತ್ತ ಯಾರೂ ತಲೆಹಾಕಲಿಲ್ಲ. ಸುತ್ತಲಿನವರಿಗೆ ಅದು ಕಸ ಸುರಿಯುವ ಬಾವಿಯಾಗಿದ್ದಿತು. 1980ರ ದಶಕದ ಆರಂಭದಲ್ಲಿ ಡೇನಿಯಲ್ ಗೆಬಾವರ್ ಎಂಬ ಜರ್ಮನ್ ಗುಹಾಶೋಧಕನು ಸಂಗಡಿಗರೊಡನೆ ಬಂದು ಒಳಗೆ ತೆವಳಿ ಅಳೆದನು. ಅಳತೆಗೆ ಸಿಕ್ಕಿರುವ ಉದ್ದ 3229 ಮೀಟರು. ಮೇಘಾಲಯದ ಗುಹೆಗಳನ್ನು ಬಿಟ್ಟರೆ ನಮ್ಮ ದೇಶದಲ್ಲಿ ಇಷ್ಟು ಉದ್ದದ ಗವಿ ಇನ್ನೊಂದಿಲ್ಲವೆಂದು ಪ್ರಸಿದ್ಧಿ. ಅದರಲ್ಲಿ ನಮ್ಮಂಥವರು ನಡೆಯಬಹುದಾದ ದಾರಿ ಸುಮಾರು ಒಂದೂವರೆ ಕಿಲೋಮೀಟರು. ಆಂಧ್ರದ ಪ್ರವಾಸೋದ್ಯಮ ನಿಗಮ ಮಣ್ಣು ತೆಗೆಸಿ, ದೀಪ ಹಾಕಿಸಿ, ಗಾಳಿ ಒಳಬರಲು ಕೊಳವೆಯಿಳಿಸಿ 2002ರಲ್ಲಿ ಅದನ್ನು ಜನರಿಗೆ ತೆರೆಯಿತು.

ಒಳಗೆ ಹೊಕ್ಕಮೇಲೆ ದಾರಿ ಸಮತಲ. ಹಳದಿ ದೀಪಗಳ ಬೆಳಕಿನಲ್ಲಿ ಕಪ್ಪು ಬೂದುಬಣ್ಣದ ಗೋಡೆಗಳು ಬಳುಕಿ ತಿರುಗುತ್ತವೆ. ನಮ್ಮ ಮಾರ್ಗದರ್ಶಿ ಉತ್ಸಾಹಿ. ಇದು ಸಿಂಹದ್ವಾರ, ಇದು ಕೋಟಿಲಿಂಗ, ಇದು ಬಿಳಲು ಬಿಟ್ಟ ಆಲದಮರ, ಇದು ಋಷಿ ಮಲಗುತ್ತಿದ್ದ ಹಾಸಿಗೆ, ತಲೆದಿಂಬು ಎಂದು ಅವನು ತೋರಿಸುತ್ತ ಹೋದಂತೆ ನಾವು ಹೌದುಹೌದೆಂದು ತಲೆಯಾಡಿಸುತ್ತ ಹೋದೆವು. ಸಾವಿರ ಹೆಡೆಗಳೆಂದು ಕರೆಯುವ ಹಜಾರದ ಮಾಡಿನಿಂದ ಕಲ್ಲು ನಿಜವಾಗಿಯೂ ನಾಗರ ಹೆಡೆಗಳಂತೆ ಇಳಿಬಿದ್ದಿದೆ. ತೆಲುಗು ಬಲ್ಲವರಿಗೆ ವಿಶ್ವನಾಥ ಸತ್ಯನಾರಾಯಣರ ವೇಯಿಪಡಗಲು ಕಾದಂಬರಿಯ ನೆನಪು ಬಾರದಿರದು. ಆದರೂ ಪ್ರತಿಯೊಂದು ಕಲ್ಲೂ ಇನ್ನೊಂದರಂತೆ ಕಾಣಲೇಬೇಕೆಂಬ ಹಟ ಏಕೋ ನನಗೆ ತಿಳಿಯದು. ಕಲ್ಲು ಕಲ್ಲಿನಂತೆ ಇರುವುದು ನಮಗೆ ಸಾಲದೆ?

ಕಲ್ಲನ್ನು ಕಲ್ಲಾಗಿ ನೋಡುತ್ತಿದ್ದವರು ಯಜಮಾನರೊಬ್ಬರೇ. ಸಿಂಹದ ಕಡೆ ಅವರು ತಲೆಯೆತ್ತಲಿಲ್ಲ. ಗೋಡೆಯ ಮೇಲೆ ಅಂಗೈಯಿಟ್ಟು ನಡೆಯುತ್ತಿದ್ದವರು ಒಂದೆಡೆ ನಿಂತು ಹೆಬ್ಬೆರಳಿನಿಂದ ಕೂದಲೆಳೆಯಂಥ ಅಡ್ಡಗೆರೆಯೊಂದನ್ನು ಮಾರುದ್ದ ಸವರಿಕೊಂಡು ಹೋದರು. ಆಮೇಲೆ ನನ್ನ ಕೈಯನ್ನು ಹಿಡಿದು ಅಲ್ಲಿಡಿಸಿದರು. "ಇದು ಒಂದೇ ಬಂಡೆಯಲ್ಲ ಸಾರ್, ಹಾಸಿನ ಮೇಲೆ ಹಾಸು. ನಾವು ಗಣಿಯಲ್ಲಿ ಉಳಿಯಿಡುವುದು ಈ ಸಂದಿನಲ್ಲೇ. ನೀರೂ ಇಲ್ಲಿಯೇ ಬಾಯಿಹಾಕಿದೆ, ನೋಡಿ." ನೋಡಿದೆ. ದಾರಿಯುದ್ದಕ್ಕೂ ಗೋಡೆ ಒಳಕ್ಕೆ ಸವೆದು ಬಾಗಿದ್ದುದೆಲ್ಲ ಅಂಥ ಗೆರೆಗಳ ಮಟ್ಟದಲ್ಲಿಯೇ. ಮಾರ್ಗದರ್ಶಿಯೂ ಬಾಗಿ ನೋಡಿದನು. ಅವನಿಗೂ ಅದು ಹೊಸ ಪಾಠ.

ಅನಕ್ಷರಸ್ಥರ ಹೆಬ್ಬೆರಳು ಹೇಳಿದುದನ್ನೇ ಭೂವಿಜ್ಞಾನದ ಪುಸ್ತಕಗಳೂ ಹೇಳುತ್ತವೆ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ, ನೆಲದ ಮೇಲೆ ಹುಲ್ಲುಕಡ್ಡಿಯೂ ಇಲ್ಲದಿದ್ದ ಕಾಲದಲ್ಲಿ, ಈ ಸೀಮೆಯನ್ನು ಮುಚ್ಚಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ಕುಳಿತು ಕಲ್ಲಾಯಿತು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗುತ್ತದೆ. ಪದರಗಳ ಸಂದಿನಲ್ಲಿ ಇಳಿದು ಸುಣ್ಣವನ್ನು ಕರಗಿಸಿಕೊಂಡು ಹೋಗುತ್ತದೆ. ಹಿಂದೆ ಈ ಬಳಿಯಲ್ಲಿ ಹರಿಯುತ್ತಿದ್ದ ಚಿತ್ರಾವತಿಯ ನೀರೇ ಈ ಗವಿಯನ್ನು ಕೊರೆಯಿತೆಂದು ಹೇಳುವುದುಂಟು. ನಮ್ಮ ಚಿಕ್ಕಬಳ್ಳಾಪುರದ ಕಡೆ ಹುಟ್ಟುವ ಆ ಹೊಳೆ ಈಗ ಬಹು ದೂರ ದಕ್ಷಿಣಕ್ಕೆ ಸರಿದು ಪೆನ್ನೆಯನ್ನು ಕೂಡುತ್ತದೆ. ಕರಗಿದ ಸುಣ್ಣ ಮಾಡಿನಿಂದ ತೊಟ್ಟಿಕ್ಕುವಾಗ ಹುಳಿ ಹಾರಿಹೋಗಿ ಮತ್ತೆ ಕಲ್ಲಾಗಿ ಜೋಲುತ್ತದೆ. ಅದು ಬೆಳೆಯುವ ವೇಗ ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ನನ್ನ ಕಿರುಬೆರಳಿನಷ್ಟು ಉದ್ದದ ಒಂದು ತುಂಡಿಗೆ ಕುಮಾರವ್ಯಾಸನಿಂದ ಇಲ್ಲಿಯ ತನಕದ ಕಾಲ ಬೇಕು.

ಸಪ್ತಸ್ವರಗಳ ಗುಹೆಯೆಂಬಲ್ಲಿ ಜೋಲುವ ಕಲ್ಲುಗಳನ್ನು ಬೆರಳಿನಿಂದ ತಟ್ಟಿದರೆ ಲೋಹದ ನಾದ ಬರುತ್ತದೆ. ಹಂಪೆಯ ವಿಠ್ಠಲನ ಗುಡಿಯ ಕಂಬಗಳನ್ನು ಬಲ್ಲ ನಾವು ಬೆರಗಾಗಲಿಲ್ಲ. ನನಗೆ ಕಪ್ಪಗಲ್ಲಿನ ಬೆಟ್ಟ ನೆನಪಾಯಿತು. ಬಳ್ಳಾರಿಗೆ ಅಂಟಿಕೊಂಡಂತಿರುವ ಆ ಬೆಟ್ಟದಲ್ಲಿ ನವಶಿಲಾಯುಗದವರು ಚಿತ್ರ ಕುಟ್ಟಿದ ಕರಿಬಂಡೆಗಳಿವೆ. ಕೆಲವನ್ನು ಸಣ್ಣ ಕಲ್ಲಿನಿಂದ ಬಡಿದರೆ ಗಂಟೆಯಂತೆ ಮೊಳಗುತ್ತವೆ. ನಿಕೋಲ್ ಬೋವಿನ್ ಎಂಬ ವಿದುಷಿ 2004ರಲ್ಲಿ ಆಂಟಿಕ್ವಿಟಿ ಪತ್ರಿಕೆಯಲ್ಲಿ ಅವನ್ನು ಕುರಿತು ಬರೆದಾಗ ಹೊರದೇಶದವರು ಕಿವಿ ನಿಮಿರಿಸಿದರು. ಆ ಬೆಟ್ಟದಲ್ಲಿಯೂ ಜಲ್ಲಿಗಾಗಿ ಬಂಡೆ ಒಡೆದುದುಂಟು. ಮೂರು ನಾಲ್ಕು ಸಾವಿರ ವರ್ಷ ಹಿಂದಿನ ವಾದ್ಯ ಯಾರ ಮನೆಯ ತಾರಸಿಯಲ್ಲಿ ಸೇರಿಹೋಗಿದೆಯೋ! ಈ ಮಾತನ್ನು ಗಟ್ಟಿಯಾಗಿ ಆಡಿದ ಬಳಿಕ ನಾನು ಹಿಂದಿನ ದಿನ ಮುಂಗಡ ಕೊಟ್ಟು ಬಂದಿದ್ದ ಹಲಗೆಗಳ ನೆನಪಾಗಿ ಸುಮ್ಮನಾದೆ.

ಅಷ್ಟು ಹೊತ್ತಿಗೆ ಯಜಮಾನರ ಉಸಿರು ಏರಿದ್ದಿತು. ಒಳಗೆ ಸೆಕೆ ಹೇಳತೀರದು. ಗಾಳಿಯ ಕೊಳವೆಯ ಕೆಳಗೆ ನಿಂತವರಿಗೆ ಜೀವ ಬಂದಂತಾಗುತ್ತದೆ, ಮುಂದೆ ನಡೆದರೆ ಮತ್ತೆ ಅದೇ ಆವಿ. ಇನ್ನು ಉಳಿದದ್ದು ಪಾತಾಳಗಂಗೆ, ಗವಿಯ ಅತ್ಯಂತ ತಗ್ಗಿನ ಸ್ಥಳ, ನೆಲಮಟ್ಟದಿಂದ ಸುಮಾರು 46 ಮೀಟರು ಕೆಳಗೆ. "ನಾಯನಾ, ಸಾಕು, ಮೇಲೆ ಹೋಗೋಣ" ಎಂದು ಮಗ ತೋಳು ಹಿಡಿದನು. ಅವರು ಬಿಡಿಸಿಕೊಂಡರು. "ಇಪ್ಪತ್ತೆಂಟು ವರ್ಷ ಈ ಕಲ್ಲನ್ನು ನುಂಗಿದ್ದೇನೆ. ಅದರ ಮನೆಗೆ ಬಂದವನು ನಡುಮನೆಯಿಂದ ಹಿಂದಿರುಗಲೇ?" ಎಂದರು. ಮಗನ ಕಣ್ಣು ತುಂಬಿತು. ನಾನು ದೀಪದ ಕಡೆ ತಿರುಗಿದೆ. ಇಳಿಯುವ ಮೆಟ್ಟಿಲಿನವರೆಗೂ ಬಂದರು. ಅಲ್ಲಿ ಕಾಲು ನಡುಗಿತು, ಕೆಮ್ಮು ಹಿಡಿದುಕೊಂಡಿತು. ಗೋಡೆಗೊರಗಿ ಕುಳಿತುಬಿಟ್ಟರು. ಅವರ ಜೊತೆ ನಾನಿರುವೆನೆಂದು ಹೇಳಿ ಹುಡುಗನನ್ನು ಕೆಳಗೆ ಕಳುಹಿದೆ. ಆದಕಾರಣ ಪಾತಾಳಗಂಗೆಯನ್ನು ವರ್ಣಿಸುವ ಅಧಿಕಾರ ನನಗಿಲ್ಲ. ಸಣ್ಣ ಝರಿಯೊಂದು ಹರಿದು ಬಂದು ನೆಲದೊಳಗೆ ಇಂಗಿ ಮರೆಯಾಗುತ್ತದೆಂದು ಅವನು ಬಂದು ಹೇಳಿದನು.

ಕುಳಿತ ಕಾಲು ಗಂಟೆಯಲ್ಲಿ ಕೆಮ್ಮು ತಗ್ಗಿತು. ಇದಕ್ಕೆಲ್ಲ ಎಷ್ಟು ವರ್ಷ ಹಿಡಿದಿರಬಹುದೆಂದು ಅವರು ಕೇಳಿದರು. ಲಕ್ಷಗಳ ಲೆಕ್ಕವೆಂದು ಹೇಳಿದೆ. "ಒಂದು ಹಲಗೆಯನ್ನು ನಾನು ಎಂಟು ನಿಮಿಷದಲ್ಲಿ ಕೊಯ್ಯುತ್ತಿದ್ದೆ" ಎಂದರು. ಹೆಮ್ಮೆಯೋ ವ್ಯಥೆಯೋ ದನಿಯಿಂದ ತಿಳಿಯಲಿಲ್ಲ. ಬರುವಾಗ ದಾರಿಯಲ್ಲಿ ಸಿಮೆಂಟ್ ಕಾರ್ಖಾನೆಗಳ ಗೋಪುರಗಳನ್ನು ಕಂಡಿದ್ದೆವು. ಅಲ್ಲಿಯೂ ಬೇಯುವುದು ಇದೇ ಕಲ್ಲು; ಕಲ್ಲಿನೊಳಗೆ ಸೆರೆಯಾಗಿದ್ದ ಇಂಗಾಲಾಮ್ಲವನ್ನು ಗೂಡಿನ ಬೆಂಕಿ ಗಾಳಿಗೆ ಅಟ್ಟುತ್ತದೆ. ಗಣಿಯೆಲ್ಲ ನಿಲ್ಲಬೇಕೆನ್ನುವಿರಾ ಎಂದು ನಾನು ಕೇಳಿದೆ. ಅವರು ನಕ್ಕರು. "ನಿಂತರೆ ತಾಡಿಪತ್ರಿಯಲ್ಲಿ ಒಲೆ ಹೊತ್ತುವುದಿಲ್ಲ ಸಾರ್. ನನ್ನ ಮಗ ನಿಮ್ಮಲ್ಲಿ ಓದಿದ್ದೂ ಈ ಕಲ್ಲಿನ ದುಡ್ಡಿನಿಂದಲೇ." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆದರೆ ಕೆಳಗೆ ಹೀಗಿರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ" ಎಂದರು. ಅಷ್ಟರಲ್ಲಿ ಮಗ ಮೇಲೆ ಬಂದನು. ಅವನ ಕೈ ಒದ್ದೆಯಾಗಿದ್ದಿತು. ತಂದೆ ಆ ಕೈಯನ್ನು ತೆಗೆದುಕೊಂಡು ತಮ್ಮ ಹಣೆಗೆ ಒತ್ತಿಕೊಂಡರು.

ಅವರನ್ನು ಮನೆಗೆ ಬಿಟ್ಟು ಯಾಗಂಟಿಗೆ ಹೋದದ್ದು ನಾವಿಬ್ಬರೇ. ಗುಡ್ಡಗಳ ನಡುವಿನ ಸುಂದರವಾದ ಕ್ಷೇತ್ರ, ಬತ್ತದ ಪುಷ್ಕರಿಣಿ, ಉಮಾಮಹೇಶ್ವರ, ಗವಿಗಳು. ಅಲ್ಲಿನ ಕಲ್ಲಿನ ನಂದಿ ವರ್ಷವರ್ಷವೂ ಬೆಳೆಯುತ್ತಿದೆಯೆಂದೂ ಕಲಿಯುಗದ ಕೊನೆಗೆ ಎದ್ದು ರಂಕೆ ಹಾಕುವುದೆಂದೂ ಜನ ನಂಬುತ್ತಾರೆ. ಆ ಭವಿಷ್ಯವನ್ನು ವೀರಬ್ರಹ್ಮೇಂದ್ರಸ್ವಾಮಿಯ ಕಾಲಜ್ಞಾನಕ್ಕೆ ಸೇರಿಸುತ್ತಾರೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ. ಕಲ್ಲು ಬೆಳೆಯುವುದನ್ನು ಬೆಳಿಗ್ಗೆಯಷ್ಟೇ ಕಂಡು ಬಂದವನು ನಗಲಿಲ್ಲ.

ಹಲಗೆಗಳು ಮುಂದಿನ ವಾರ ಲಾರಿಯಲ್ಲಿ ಬಂದುವು. ಎಣಿಸಿದಾಗ ಒಂದು ಹೆಚ್ಚಾಗಿದ್ದಿತು. ಪಾಲಿಷ್ ಹಾಕದ ಒರಟು ಕಲ್ಲು. ಮೇಲ್ಮೈಯ ಉದ್ದಕ್ಕೂ ಹೊಳೆಯ ದಂಡೆಯ ಮರಳಿನಲ್ಲಿ ಕಾಣುವಂಥ ಸಣ್ಣ ಸಣ್ಣ ಅಲೆಗಳು. ಹುಡುಗನಿಗೆ ಫೋನು ಮಾಡಿ ಕೇಳಿದೆ. ಅದಕ್ಕೆ ಬೆಲೆಯಿಲ್ಲ, ನಾಯನ ಅಂಗಳದಲ್ಲಿ ಹುಡುಕಿ ಕಳುಹಿಸಿದ್ದು, ಗರಗಸ ಮುಟ್ಟಿಸಬೇಡಿರೆಂದು ಹೇಳಿದ್ದಾರೆ ಎಂದನು. ಕಟ್ಟೆಗೆ ಅದು ಒದಗದು, ಅಲೆಗಳ ನಡುವೆ ಹಿಟ್ಟು ಕೂರುತ್ತದೆಂದು ಮನೆಯವಳ ಆಕ್ಷೇಪಣೆ. ನೆಲಕ್ಕೆ ಹಾಸಿದರೆ ತುಳಿಯಬೇಕು. ಗಾರೆಯ ಮೇಸ್ತ್ರಿ ಎರಡು ಬಾರಿ ಬಂದು ಇದನ್ನೆಲ್ಲಿ ಕೂಡಿಸಲಿ ಎಂದು ಕೇಳಿ ಹೋಗಿದ್ದಾನೆ. ಅದಿನ್ನೂ ಹಿತ್ತಿಲ ಗೋಡೆಗೆ ಒರಗಿ ನಿಂತಿದೆ.